ಕೊಲಂಬೊದ ಕ್ರಿಕೆಟ್ಟು ಸರಸ್ವತಿಪುರಂಗೆ ಕೇಳಿಸೀತೇ?

ಮೈಸೂರು

ಸಮುದ್ರ ದಾಟಿ ಬಂದವಳೆಂದು ಈಗ ನಮ್ಮ ಬೀದಿಯಲ್ಲಿ ನನಗೆ ಸ್ವಲ್ಪ ಬೆಲೆ ಬಂದಿದೆ. ಹೆಂಗಸರು ಸಿಲೋನಿನ ಸೀರೆ ಕೇಳುತ್ತಾರೆ, ಮುತ್ತಿನ ಸರ ಕೇಳುತ್ತಾರೆ, ರಾವಣನ ಊರು ನೋಡಿದೆಯೇನೇ ಅನ್ನುತ್ತಾರೆ. ಏನು ಹೇಳಲಿ ನಾನು? ಹೋದ ದಿನದಿಂದ ಬಂದ ದಿನದ ತನಕ ನನ್ನ ತಲೆಯಲ್ಲಿ ಕೂತಿದ್ದದ್ದು ಒಂದೇ ಚಿಂತೆ, ಕೊಲಂಬೊದ ರೇಡಿಯೋ ಸರಸ್ವತಿಪುರಂಗೆ ಕೇಳಿಸುತ್ತದೋ ಇಲ್ಲವೋ ಅಂತ. ಮುತ್ತು ರತ್ನ ನೋಡುವುದಕ್ಕೆ ಪುರಸೊತ್ತೇ ಆಗಲಿಲ್ಲ.

ನಮ್ಮ ಯಜಮಾನರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವರು. ಅವರ ಕಾಲೇಜಿನ ಕ್ರಿಕೆಟ್ ತಂಡಕ್ಕೆ ಕೊಲಂಬೊದ ಒಂದು ಕ್ಲಬ್ಬಿನಿಂದ ಕರೆ ಬಂತು. ತಂಡದ ಮ್ಯಾನೇಜರ್ ಇವರೇ ಎಂದಾಯಿತು. ತಂಡದಲ್ಲಿ ನನ್ನ ತಮ್ಮ ಶ್ರೀಕಂಠನೂ ಇದ್ದ. ಮನೆಯಲ್ಲಿ ಅವನು ಕಂಠಿ. ಗಂಡ ಹೋಗುತ್ತಾರೆ, ತಮ್ಮ ಹೋಗುತ್ತಾನೆ, ನಾನು ಮಾತ್ರ ಮನೆಯಲ್ಲಿ ಕೂತು ಹಪ್ಪಳ ಒಣಗಿಸಬೇಕೋ? "ನೀನು ಬಂದು ಅಲ್ಲೇನು ಮಾಡ್ತೀಯ?" ಎಂದರು ಇವರು. "ನಿಮ್ಮ ಹುಡುಗರಿಗೆ ಉಪ್ಪಿನಕಾಯಿ ಬಡಿಸ್ತೀನಿ," ಎಂದೆ. ಕೊನೆಗೆ ನನ್ನ ಬಾಯಿಗೆ ಸೋತು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದರು.

ಇನ್ನು ನಮ್ಮ ಅಪ್ಪನ ವಿಷಯ ಹೇಳದೆ ಈ ಪ್ರಯಾಣದ ವಿಷಯ ಹೇಳುವ ಹಾಗಿಲ್ಲ. ಸರಸ್ವತಿಪುರಂನ ನಮ್ಮ ಬೀದಿಯಲ್ಲೇ ಅಪ್ಪನ ಮನೆಯೂ. ಅವರು ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕ್ರಿಕೆಟ್ಟೆಂದರೆ ಅವರಿಗೆ ಪ್ರಾಣ. ಆದರೆ ಮೈದಾನಕ್ಕೆ ಒಂದು ದಿನ ಹೋದವರಲ್ಲ, ಅವರ ಕ್ರಿಕೆಟ್ಟೆಲ್ಲ ರೇಡಿಯೋದೊಳಗಿನದು. ಟೆಸ್ಟ್ ಮ್ಯಾಚ್ ಇದ್ದ ದಿನ ರೇಡಿಯೋವನ್ನು ಬೀದಿ ಕಿಟಕಿಗೆ ತಿರುಗಿಸಿ, ತಾವು ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ. ಹೊರಗೆ ಜಗಲಿಯ ತುಂಬ ಇಂಗ್ಲಿಷ್ ಬಾರದ ನೆರೆಹೊರೆಯವರು. ರೇಡಿಯೋದವನು ಇಂಗ್ಲಿಷಿನಲ್ಲಿ ಒಂದು ಬಾಲು ಹೇಳಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಪ್ಪ ಅದನ್ನು ಕನ್ನಡದಲ್ಲಿ ಹೇಳಿಬಿಡಬೇಕು. "ಬಂದ, ಎಸೆದ, ಎಡಗಾಲು ಮುಂದಿಟ್ಟ, ತಳ್ಳಿದ, ರನ್ ಇಲ್ಲ, ಎಲೆ ಅಡಿಕೆ ಹಾಕ್ಕೊಳ್ಳೋರು ಹಾಕ್ಕೊಳ್ಳಿ." ನಮ್ಮ ಬೀದಿಯಲ್ಲಿ ಕ್ರಿಕೆಟ್ ಕಲಿತವರೆಲ್ಲ ಹೀಗೇ ಕಲಿತದ್ದು. ನಾನೂ ಕಿಟಕಿಯ ಒಳಬದಿಯಲ್ಲಿ ಕೂತು ಕಲಿತೆ.

ಇಂಥ ಅಪ್ಪ ಸ್ವಂತ ಮಗನ ಜೊತೆ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಕಾರಣವೂ ಕ್ರಿಕೆಟ್ಟೇ. ಕಂಠಿ ಕೆಮಿಸ್ಟ್ರಿ ಪರೀಕ್ಷೆಯ ದಿನ ಪರೀಕ್ಷೆಗೆ ಹೋಗದೆ ಮ್ಯಾಚ್ ಆಡಲು ಹೋದ. ವರ್ಷ ಹಾಳಾಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ನಿಲ್ಲಿಸಿದರು. ಊರವರ ಮಕ್ಕಳು ಆಡಿದರೆ ಅಪ್ಪನಿಗೆ ಅದು ಆಟ, ತನ್ನ ಮಗ ಆಡಿದರೆ ಮಾತ್ರ ಅಲೆದಾಟ. ಅಂದಿನಿಂದ ಒಂದೇ ಹಜಾರದಲ್ಲಿ ಎದುರುಬದುರು ಕೂತಿದ್ದರೂ ಎಲ್ಲ ಮಾತೂ ಅಮ್ಮನ ಮೂಲಕವೇ. "ಅವನಿಗೆ ಹೇಳು, ಸೈಕಲ್ ಒಳಗೆ ಇಡಲಿ." "ಅಪ್ಪನಿಗೆ ಹೇಳಮ್ಮ, ಇಟ್ಟಾಗಿದೆ." ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಇಬ್ಬರಿಗೂ ಕೇಳಿಸಿರುವ ಮಾತನ್ನೇ ಮತ್ತೊಂದು ಸಲ ಹೇಳಿ ಒಳಗೆ ಹೋಗಬೇಕು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕ್ಲಬ್ಬಿನವರು ಮ್ಯಾಚಿನ ಕಾಮೆಂಟರಿ ಅಲ್ಲಿಯ ರೇಡಿಯೋದಲ್ಲಿ ಬರುತ್ತದೆ ಎಂದು ತಿಳಿಸಿದಾಗ ನಾನು ಕುಣಿದುಬಿಟ್ಟೆ. ಸಿಲೋನ್ ಸ್ಟೇಷನ್ ನಮಗೆ ಹೊಸದೇ? ಸಂಜೆಯಾದರೆ ಮೈಸೂರಿನ ಅರ್ಧ ಮನೆಗಳಲ್ಲಿ ಅದರದೇ ಸಿನಿಮಾ ಹಾಡು. ಬೆಂಗಳೂರಾದರೂ ಕೆಲವು ಸಲ ಮಂಕಾಗುತ್ತದೆ, ಸಿಲೋನ್ ಮಾತ್ರ ಪಕ್ಕದ ಮನೆಯಲ್ಲೇ ಹಾಡಿದ ಹಾಗೆ ಬರುತ್ತದೆ. ಅಪ್ಪನ ಮುಂದೆ ಹೋಗಿ, "ಕಂಠಿ ಆಡೋದು ನಿಮಗೆ ಇಲ್ಲೇ ಕೇಳಿಸುತ್ತೆ ಅಪ್ಪ," ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ, ಪಕ್ಕದ ಮನೆಯ ಚನ್ನೇಗೌಡರನ್ನು ಮಾಳಿಗೆ ಹತ್ತಿಸಿ ರೇಡಿಯೋದ ಏರಿಯಲ್ ತಂತಿ ಕಟ್ಟಿದ ಬಿದಿರು ಬದಲಾಯಿಸುತ್ತಿದ್ದಾರೆ. "ಇನ್ನೂ ಎತ್ತರಕ್ಕೆ ಗೌಡರೇ, ಇನ್ನೂ ಎತ್ತರಕ್ಕೆ," ಎಂದು ಅಂಗಳದಲ್ಲಿ ನಿಂತು ಕೂಗುತ್ತಿದ್ದಾರೆ. ನಾನು ಒಳಗೆ ಓಡಿ ಅಮ್ಮನನ್ನು ತಬ್ಬಿಕೊಂಡೆ. ಮಗನ ಹೆಸರನ್ನು ರೇಡಿಯೋದವನು ಹೇಳಿದರೆ ಅಪ್ಪ ಅದನ್ನು ಜಗಲಿಗೆ ಕನ್ನಡದಲ್ಲಿ ಹೇಳಲೇಬೇಕು. ಒಂದು ಸಲ ಬಾಯಲ್ಲಿ ಆ ಹೆಸರು ಬಂದರೆ ಸಾಕು, ಆಮೇಲೆ ಮಾತು ತಾನಾಗಿ ಬರುತ್ತದೆ ಎಂದು ನಮ್ಮಿಬ್ಬರ ಆಸೆ.

ಧನುಷ್ಕೋಡಿ

ನೀರೆಂದರೆ ನನ್ನ ಪಾಲಿಗೆ ಕುಕ್ಕರಹಳ್ಳಿ ಕೆರೆ. ತೀರ ದೊಡ್ಡದು ಅಂದರೆ ಕನ್ನಂಬಾಡಿ. ರಾತ್ರಿಯೆಲ್ಲ ಟ್ರೈನಿನಲ್ಲಿ ಜೋಲಾಡಿ, ಮಂಡಪಂನಲ್ಲಿ ಡಾಕ್ಟರಿಗೆ ತೋಳು ತೋರಿಸಿ ಸಿಡುಬಿನ ಚುಚ್ಚುಗುರುತು ಒಪ್ಪಿಸಿ, ಸೇತುವೆ ದಾಟಿ ಧನುಷ್ಕೋಡಿಗೆ ಬಂದರೆ ಟ್ರೈನಿನ ಎರಡೂ ಕಿಟಕಿಯಲ್ಲಿ ಸಮುದ್ರ. ಎಡಕ್ಕೆ ನೋಡಲೋ ಬಲಕ್ಕೆ ನೋಡಲೋ ತಿಳಿಯದೆ ನಾನು ಡಬ್ಬಿಯೊಳಗೆ ಅತ್ತಿಂದಿತ್ತ ಓಡಿದೆ. ತಂಡದ ಹುಡುಗರು ನಕ್ಕರು. ನಗಲಿ, ಅವರೂ ನೋಡಿದ್ದು ಅದೇ ಮೊದಲು.

ಹಡಗಿಗೆ ಕಾಯುವಾಗ ಒಂದು ಟೀ ಅಂಗಡಿಯಲ್ಲಿ ಕೂತೆವು. ಅಲ್ಲಿ ರೇಡಿಯೋ ಹಾಡುತ್ತಿರಲಿಲ್ಲ, ಮಾತಾಡುತ್ತಿತ್ತು. ಯಾವುದೋ ಸ್ಕೂಲು ಹುಡುಗರ ಕ್ರಿಕೆಟ್ ಮ್ಯಾಚಿನ ಕಾಮೆಂಟರಿ, ಅದೂ ಹಗಲು ಹೊತ್ತಿನಲ್ಲಿ. "ಎಲ್ಲಿಯದು ಇದು?" ಎಂದು ಕೇಳಿದೆ. ನಮ್ಮ ಎದುರು ಮನೆಯವರಿಂದ ಕಲಿತ ನನ್ನ ತಮಿಳು ಅಷ್ಟಕ್ಕೆ ಸಾಕಾಯಿತು. ಅಂಗಡಿಯವನು ಸಮುದ್ರದ ಕಡೆ ಗದ್ದ ಎತ್ತಿ, "ಕೊಲಂಬು," ಎಂದ. ಮದರಾಸು ಅವನಿಗೆ ಸರಿಯಾಗಿ ಬರುವುದಿಲ್ಲವಂತೆ, ಕೊಲಂಬು ಗಂಟೆ ಹೊಡೆದ ಹಾಗೆ ಬರುತ್ತದಂತೆ. ಕೇಳಿ ನನ್ನ ಎದೆ ಅರಳಿತು. "ನೋಡಿದ್ರಾ ರೀ, ಕ್ರಿಕೆಟ್ಟೂ ಬರುತ್ತೆ," ಎಂದೆ ಇವರಿಗೆ. ಫಿಸಿಕ್ಸ್ ಹೇಳಿಕೊಡುವ ನಮ್ಮ ಯಜಮಾನರು ವಡೆ ತಿನ್ನುತ್ತ ತಲೆಯಾಡಿಸಿದರು. ಆಗಲೇ ಅವರಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ವಡೆ ಚೆನ್ನಾಗಿತ್ತು.

ಹಡಗಿನಲ್ಲಿ ನನಗೆ ವಾಂತಿಯಾಗುತ್ತದೆ ಎಂದು ಇವರು ನಿಂಬೆಹಣ್ಣು ಹಿಡಿದುಕೊಂಡು ಕೂತಿದ್ದರು. ವಾಂತಿ ಮಾಡಿಕೊಂಡದ್ದು ತಂಡದ ವೇಗದ ಬೌಲರ್ರು, ಆರಡಿ ಆಳು. ನಿಂಬೆಹಣ್ಣು ಅವನ ಪಾಲಾಯಿತು. ನಾನು ಕಟಕಟೆಗೆ ಒರಗಿ ನಿಂತು ಆಚೆ ದಡದ ತಲೈಮನ್ನಾರ್ ಕಾಣುವ ತನಕ ಒಂದು ಗಳಿಗೆ ಕೂರಲಿಲ್ಲ.

ತಲೈಮನ್ನಾರ್

ಸುಂಕದ ಕಟ್ಟೆಯಲ್ಲಿ ಒಂದು ಫಜೀತಿ. ನನ್ನ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಹಡಗಿನ ಓಲಾಟಕ್ಕೆ ಮುಚ್ಚಳ ಸಡಿಲಿಸಿಕೊಂಡು, ಕಂಠಿಯ ಬಿಳಿ ಪ್ಯಾಂಟಿನ ಮೇಲೆ ಸುರಿದಿತ್ತು. ಅಧಿಕಾರಿ ಪೆಟ್ಟಿಗೆ ತೆರೆಸಿ ಆ ಕೆಂಪು ನೋಡಿ ಬೆಚ್ಚಿದರು, ಮೂಸಿ ನೋಡಿ ನಕ್ಕರು. ಆಮೇಲೆ ಬ್ಯಾಟುಗಳು ಕಣ್ಣಿಗೆ ಬಿದ್ದವು ನೋಡಿ, ಪೆಟ್ಟಿಗೆಯ ಉಳಿದ ಸಾಮಾನು ಮರೆತೇಹೋಯಿತು. ಒಂದು ಬ್ಯಾಟು ಎತ್ತಿಕೊಂಡು ಮೇಜಿನ ಹಿಂದಿನಿಂದ ಈಚೆ ಬಂದು, ಗೋಡೆಯ ಕಡೆ ಒಂದು ಸಲ ಬೀಸಿ ನೋಡಿ, "ಹಿಡಿ ದಪ್ಪವಾಯಿತು," ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಜನ ಕೂಡ ಬೇಸರಪಡದೆ ಆ ಹಿಡಿಯ ಬಗ್ಗೆ ಒಂದೊಂದು ಅಭಿಪ್ರಾಯ ಹೇಳಿದರು. ಮೈಸೂರಿನಲ್ಲಿ ಸಂಗೀತ ಕಚೇರಿಯ ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ರಾಗದ ಚರ್ಚೆ ಮಾಡುತ್ತಾರಲ್ಲ, ಇಲ್ಲಿಯವರು ಕ್ರಿಕೆಟ್ಟನ್ನು ಹಾಗೆ ಮಾಡುತ್ತಾರೆ. ಈ ಊರು ನನಗೆ ಆಗಲೇ ಹಿಡಿಸಿತು.

ಇನ್ನೊಂದು ಸಂತೋಷ. ಇವರೂ ನಮ್ಮ ಹಾಗೆಯೇ "ಅಯ್ಯೋ" ಅನ್ನುತ್ತಾರೆ. ಕಾಲು ತುಳಿದರೂ ಅಯ್ಯೋ, ಮಳೆ ಬಂದರೂ ಅಯ್ಯೋ. ಭಾಷೆ ಬಾರದ ಊರಿನಲ್ಲಿ ಆ ಒಂದು ಮಾತಿನಿಂದ ನಾನು ಎಷ್ಟೋ ಕೆಲಸ ಸಾಧಿಸಿದೆ.

ಕ್ಯಾಂಡಿ

ಮೊದಲ ಮ್ಯಾಚು ಕ್ಯಾಂಡಿಯಲ್ಲಿ, ಅಭ್ಯಾಸಕ್ಕೆಂದು ಆಡುವ ಸಣ್ಣ ಮ್ಯಾಚು. ನಾವು ಇಳಿದುಕೊಂಡದ್ದು ಮಿಸೆಸ್ ಪೆರೇರಾ ಎಂಬ ಸಿಂಹಳೀಯ ವಿಧವೆಯ ಮನೆಯಲ್ಲಿ. ಮಾತಿನ ಮಲ್ಲಿ, ನನಗೆ ಸರಿಯಾದ ಜೋಡಿ. ನಾವು ಮೀನು ಮಾಂಸ ತಿನ್ನುವುದಿಲ್ಲ ಎಂದು ಕೇಳಿ ಆಕೆಗೆ ಕಣ್ಣೀರೇ ಬಂತು. ಏನು ಬಡಿಸಲಿ ಎಂದು ಪೇಚಾಡಿಕೊಂಡು, ನಮ್ಮ ಒತ್ತು ಶಾವಿಗೆಯಂಥದ್ದನ್ನು ತೆಂಗಿನಹಾಲಿನ ಜೊತೆ ರಾಶಿ ಹಾಕಿದರು. ಮಡಕೆಯ ಎಮ್ಮೆ ಮೊಸರಿಗೆ ಬೆಲ್ಲದ ಪಾಕ ಸುರಿದು ಕೊಟ್ಟರು. ತಾವು ತಿನ್ನಲು ಒಣಮೀನು ಹಾಕಿದ ಖಾರದ ಚಟ್ನಿ ಬೇರೆ. ಖಾರದಲ್ಲಿ ನಾವೇ ಗಟ್ಟಿ ಎಂದುಕೊಂಡಿದ್ದ ನನ್ನ ಜಂಬ ಆ ಚಟ್ನಿಯ ಮುಂದೆ ಇಳಿಯಿತು. ಮೀನು ಹಾಕದೆ ನನಗೊಂದಿಷ್ಟು ಮಾಡಿಕೊಟ್ಟಿದ್ದರು, ಕಣ್ಣಲ್ಲಿ ಮೂಗಲ್ಲಿ ನೀರು.

ಸಂಜೆ ಅವರ ರೇಡಿಯೋ ಮುಂದೆ ಕೂತು, "ನಿಮ್ಮ ಸ್ಟೇಷನ್ನಿನ ಸಿನಿಮಾ ಹಾಡು ಹಾಕಿ, ಊರಲ್ಲಿ ದಿನಾ ಕೇಳ್ತೀವಿ," ಎಂದೆ. ಅವರು ಮುಳ್ಳನ್ನು ಶಾರ್ಟ್ ವೇವಿಗೆ ತಿರುಗಿಸಿದರು. ಗೊರಗೊರ. ಅತ್ತ ತಿರುಗಿಸಿದರು, ಗೊರಗೊರ. ಕಾಗೆ ಗುಬ್ಬಿಯ ದನಿಯೂ ಇಲ್ಲ.

"ನಮಗೆ ಅದು ಕೇಳಿಸುವುದೇ ಇಲ್ಲ," ಎಂದರು ಮಿಸೆಸ್ ಪೆರೇರಾ. "ಅದನ್ನು ಕಳಿಸುವುದು ನಿಮಗೆ. ನಮ್ಮದು ಇಲ್ಲಿ," ಎಂದು ಮೀಡಿಯಂ ವೇವಿಗೆ ತಂದರು. ಅಲ್ಲಿ ಇಬ್ಬರು ಕೂತು ಕೊಲಂಬೊದ ನಮ್ಮ ಮ್ಯಾಚಿನ ಬಗ್ಗೆಯೇ ಹರಟುತ್ತಿದ್ದರು. ಮೈಸೂರಿನ ಹುಡುಗರು ಸ್ಪಿನ್ ಚೆನ್ನಾಗಿ ಆಡುತ್ತಾರಂತೆ, ನೋಡೋಣ ಎನ್ನುತ್ತಿದ್ದರು. ಕೇಳಿ ಕಂಠಿ ಕಿವಿಯ ತನಕ ಕೆಂಪಾದ.

ನಾನು ಇವರ ಮುಖ ನೋಡಿದೆ. ಇವರು ತೂಗುದೀಪವನ್ನು ನೋಡುತ್ತಿದ್ದರು. ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾಯಿತು.

"ರೀ, ನಮ್ಮ ಮ್ಯಾಚಿನ ಕಾಮೆಂಟರಿ ಯಾವುದರಲ್ಲಿ?"

"ಇದರಲ್ಲೇ ಇರಬೇಕು, ಮೀಡಿಯಂ ವೇವ್."

"ಇದು ಹಗಲು ಹೊತ್ತು ಮೈಸೂರಿಗೆ ಬರುತ್ತಾ?"

ಇವರು ಗಂಟಲು ಸರಿಮಾಡಿಕೊಂಡು ಪಾಠಕ್ಕೆ ಶುರುಮಾಡಿದರು. ಒಂದು ಅಲೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತದಂತೆ; ಹಗಲಿನಲ್ಲಿ ಈ ದ್ವೀಪ, ಬಹಳವೆಂದರೆ ಆಚೆ ದಡದ ಒಂದಿಷ್ಟು ಊರು, ಅಷ್ಟರಲ್ಲಿ ಸುಸ್ತಾಗುತ್ತದಂತೆ. ಇನ್ನೊಂದು ಆಕಾಶಕ್ಕೆ ಹಾರಿ ಅಲ್ಲಿ ತಗುಲಿ ದೂರ ಹೋಗಿ ಬೀಳುತ್ತದಂತೆ. ಬೀಳುವುದು ನಮ್ಮ ಕಡೆ. ನಡುವೆ ಇರುವ ಕ್ಯಾಂಡಿಯವರ ತಲೆಯ ಮೇಲಿಂದಲೇ ಹಾರಿಹೋಗುತ್ತದೆ, ಅದಕ್ಕೇ ಇಲ್ಲಿ ಗೊರಗೊರ. ಹಾಡು ಹಾರುವ ಅಲೆಯಲ್ಲಿ, ಕ್ರಿಕೆಟ್ಟು ತೆವಳುವ ಅಲೆಯಲ್ಲಿ.

"ಇದನ್ನ ಮೈಸೂರಲ್ಲೇ ಹೇಳಬಾರದಿತ್ತೇ?" ಎಂದೆ.

"ಸಿಲೋನ್ ಅಂದರೆ ಸಿಲೋನ್ ಅಂದುಕೊಂಡೆ ಕಣೇ, ನಿನ್ನ ಹಾಗೇ," ಎಂದರು ಮೆಲ್ಲಗೆ.

ಪಾಪ, ಅವರನ್ನು ಬೈದು ಏನು ಮಾಡಲಿ? ದಿನಾ ಆ ಹಾಡು ಕೇಳಿ ಬೆಳೆದ ಮೈಸೂರಿನವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಮ್ಯಾಚಿನ ದಿನ ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ ಕಿಟಕಿ ತೆರೆದು ಕೂರುತ್ತಾರೆ, ಜಗಲಿ ತುಂಬ ಜನ, ಹೊಸ ಬಿದಿರು ಬೇರೆ. ದಿನವೆಲ್ಲ ಬರೀ ಗೊರಗೊರ. ಎಲ್ಲರೆದುರು ಅವಮಾನ. ಮಗನೇ ಸುಳ್ಳು ಹೇಳಿಸಿದ ಎಂದು ತಿಳಿದರೂ ತಿಳಿದರು. ಇರುವ ಬಾಗಿಲೂ ಮುಚ್ಚಿಹೋಗುತ್ತದೆ.

"ಹೋಗಲಿ ಬಿಡಕ್ಕ," ಎಂದ ಕಂಠಿ, ಪ್ಯಾಂಟಿನ ಉಪ್ಪಿನಕಾಯಿ ಕಲೆ ಉಜ್ಜುತ್ತ. "ಅಪ್ಪ ಕೇಳ್ತಾರೆ ಅನ್ನೋದೇ ಹೆಚ್ಚಾಗಿತ್ತು." ಆ ಮಾತು ಹೇಳಿ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದ. ಅಯ್ಯೋ, ಈ ಹುಡುಗನೂ ಇಷ್ಟು ದಿನ ಕಾದಿದ್ದಾನೆ ಎಂದು ನನಗೆ ಆವಾಗ ಗೊತ್ತಾಯಿತು. ಹೇಗಾದರೂ ಮಾಡಿ ಮೈಸೂರಿಗೆ ಕೇಳಿಸಿಯೇ ತೀರುತ್ತೇನೆ ಎಂದು ಹಟ ಹುಟ್ಟಿತು.

ಕೊಲಂಬೊ

ಕೊಲಂಬೊಗೆ ಇಳಿದವಳೇ ಇವರನ್ನು ಎಳೆದುಕೊಂಡು ರೇಡಿಯೋ ಸ್ಟೇಷನ್ನಿಗೆ ಹೋದೆ. ದಾರಿಯಲ್ಲಿ ಸಮುದ್ರದ ದಂಡೆ, ಕಿತ್ತಳೆ ಬಣ್ಣದ ಎಳನೀರಿನ ರಾಶಿ, ಲುಂಗಿಯ ಮೇಲೆ ಕೋಟು ಹಾಕಿಕೊಂಡು ಗಂಭೀರವಾಗಿ ಕಚೇರಿಗೆ ಹೋಗುವ ದೊಡ್ಡಮನುಷ್ಯರು. ನಿಂತು ನೋಡುವ ಆಸೆ, ನೋಡಲಿಲ್ಲ. ಊರಲ್ಲಿ ಕಿವಿಯಲ್ಲಿ ಮಾತ್ರ ಕೇಳಿದ್ದ ಸ್ಟೇಷನ್ನನ್ನು ಕಣ್ಣಾರೆ ಕಂಡಾಗ ಮಾತ್ರ ಗೇಟಿನಲ್ಲೇ ಕೈಮುಗಿದೆ. ಇವರು ನಾಚಿಕೊಂಡು ಎರಡು ಹೆಜ್ಜೆ ಹಿಂದೆ ನಿಂತರು.

ನಮ್ಮನ್ನು ಕೂರಿಸಿ ಮಾತಾಡಿಸಿದವರು ಜಾಫ್ನಾ ಕಡೆಯ ಒಬ್ಬ ಹಿರಿಯ ತಮಿಳರು, ಸಂಜೆಯ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವರು. ನನ್ನ ಇಂಗ್ಲಿಷ್ ಅರ್ಧ, ತಮಿಳು ಅರ್ಧ. ಕಾಮೆಂಟರಿಯನ್ನು ಶಾರ್ಟ್ ವೇವಿನಲ್ಲಿ ಹಾಕಿ ಎಂದು ಬೇಡಿಕೊಂಡೆ. ಅದು ಆಗುವ ಮಾತಲ್ಲ ಎಂದರು. ಹಗಲು ಹೊತ್ತಿನ ಏರ್ಪಾಡೇ ಬೇರೆ. ನನಗೆ ಅಳು ಬಂತು. ತಡೆದುಕೊಳ್ಳದೆ ಅಪ್ಪನ ಕಥೆಯನ್ನೆಲ್ಲ ಹೇಳಿಬಿಟ್ಟೆ, ಕಿಟಕಿ, ಜಗಲಿ, "ಅವನಿಗೆ ಹೇಳು" ಅನ್ನುವುದು, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

"ನಮ್ಮ ತಂದೆಯೂ ನನ್ನ ಜೊತೆ ಹೀಗೆ ಒಂದು ಕಾಲದಲ್ಲಿ ಮಾತು ಬಿಟ್ಟಿದ್ದರಮ್ಮಾ," ಎಂದರು. "ನಾಳೆ ನಿಮ್ಮ ಮ್ಯಾಚು ಮುಗಿದ ಮೇಲೆ, ಸಂಜೆ, ಕನ್ನಡ ಹಾಡುಗಳ ಹೊತ್ತು ಇದೆ. ಎರಡು ಹಾಡಿನ ನಡುವೆ ಊರಿಂದ ಬಂದ ಅತಿಥಿ ಎಂದು ನಿಮ್ಮನ್ನು ಮಾತಾಡಿಸಬಹುದು. ಸ್ವಲ್ಪವೇ ಹೊತ್ತು. ಕನ್ನಡ ನನಗೆ ತಿಳಿಯದು. ಏನು ಹೇಳುತ್ತೀರೋ ನಿಮ್ಮ ಮರ್ಯಾದೆಗೆ ಬಿಟ್ಟದ್ದು."

ನಾನು ಅವರ ಕಾಲಿಗೆ ಬಗ್ಗಿದೆ, ಅವರು ಗಾಬರಿಯಾಗಿ ಕುರ್ಚಿ ಸರಿಸಿಕೊಂಡರು. ಅಲ್ಲಿಂದ ನೇರ ತಂತಿ ಆಫೀಸಿಗೆ. "ಹಗಲು ಕಾಯಬೇಡಿ. ಸಂಜೆ ಕನ್ನಡ ಹಾಡಿನ ಹೊತ್ತಿಗೆ ಸಿಲೋನ್ ಕೇಳಿ" ಎಂದು ಅಪ್ಪನಿಗೆ ತಂತಿ ಕೊಟ್ಟೆವು. ಕೊಟ್ಟು ಹೊರಗೆ ಬಂದ ಮೇಲೆ ಹೊಸ ಹೆದರಿಕೆ ಹಿಡಿಯಿತು. ಸಿನಿಮಾ ಹಾಡೆಂದರೆ ಅಪ್ಪನಿಗೆ ಆಗದು. ಆ ಹೊತ್ತಿಗೆ ಸರಿಯಾಗಿ ರೇಡಿಯೋ ಕಿವಿ ಹಿಂಡಿ ಆರಿಸುವವರು ಅವರು. ನಾವು ಸಿಲೋನ್ ಹಾಡು ಕೇಳಿದ್ದೆಲ್ಲ ಚನ್ನೇಗೌಡರ ಮನೆಯಲ್ಲಿ. ತಂತಿ ತಲುಪಿದರೂ ಹಾಡಿನ ಮುಂದೆ ಕೂರುತ್ತಾರೆಯೇ?

ಮೈದಾನ

ಮ್ಯಾಚಿನ ದಿನ ನೋಡಬೇಕಿತ್ತು ನೀವು. ಮೈದಾನದ ಸುತ್ತ ಛತ್ರಿಗಳು, ಬ್ಯಾಂಡು, ಹೆಂಗಸರು ಗಂಡಸರಿಗಿಂತ ಜೋರಾಗಿ ಕೂಗುತ್ತಾರೆ. ನಮ್ಮಲ್ಲಿ ಹೆಂಗಸು ಮೈದಾನದಲ್ಲಿ ಕೂತರೆ ತಿರುಗಿ ತಿರುಗಿ ನೋಡುತ್ತಾರೆ, ಇಲ್ಲಿ ನನ್ನ ಪಕ್ಕದ ಅಜ್ಜಿ ಅಂಪೈರಿಗೇ ಬುದ್ಧಿ ಹೇಳುತ್ತಿದ್ದಳು. ನಾನೂ ಸೆರಗು ಬಿಗಿದು ಗಂಟಲು ಬಿಚ್ಚಿದೆ. ಇವರು ಮ್ಯಾನೇಜರ್ ಎಂಬ ಗಾಂಭೀರ್ಯ ಉಳಿಸಿಕೊಳ್ಳಲು ದೂರ ಹೋಗಿ ಕೂತರು.

ಕೊಲಂಬೊದವರು ಮೊದಲು ಆಡಿ ಒಳ್ಳೆ ರನ್ನೇ ಮಾಡಿದರು. ನಮ್ಮವರು ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಉದುರಿದರು. ಆರನೆಯವನು ಔಟಾದ ಮೇಲೆ ಕಂಠಿ ಇಳಿದ, ತೊಡೆಯ ಮೇಲೆ ಉಪ್ಪಿನಕಾಯಿಯ ತಿಳಿ ಕಲೆ. ಹಿಂದಿನಿಂದ ಯಾರೋ ನಕ್ಕರು. ನಾನು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು. ಆಮೇಲೆ ನಮ್ಮ ಹುಡುಗ ಆಡಿದ ನೋಡಿ, ಏನು ತಾಳ್ಮೆ, ಏನು ಧೈರ್ಯ. ಒಂದೊಂದು ರನ್ನೂ ಕಡೆದು ಕಡೆದು ಬೆಣ್ಣೆ ತೆಗೆದ ಹಾಗೆ ತೆಗೆದ. ಎದುರಿಗಿದ್ದವರು ಬಂದರು, ಹೋದರು. ಇವನು ಮಾತ್ರ ನಿಂತ. ನಲವತ್ತು ದಾಟಿದಾಗ ಪಕ್ಕದ ಅಜ್ಜಿ ನನ್ನ ಬೆನ್ನು ಗುದ್ದಿ, "ನಿನ್ನ ತಮ್ಮನಾ? ಒಳ್ಳೆಯ ಹುಡುಗ," ಎಂದಳು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಕೊನೆಯ ಜೋಡಿ ಉಳಿದಿತ್ತು. ಇನ್ನು ಕೆಲವೇ ರನ್ನು ಹೊಡೆದರೆ ಗೆದ್ದೆವು. ಅವರ ಸ್ಪಿನ್ನರ್ ಒಂದು ಬಾಲು ದೂರ ಹಾಕಿದ. ಕಂಠಿ ಬ್ಯಾಟೆತ್ತಿ ಅದನ್ನು ಬಿಟ್ಟ. ಅದು ನೆಲ ಮುಟ್ಟಿ ಒಳಗೆ ತಿರುಗಿ ಸ್ಟಂಪಿಗೆ ಹೊಡೆಯಿತು. ಮೈದಾನವೆಲ್ಲ ಎದ್ದು ಕೂಗಿತು. ಕಂಠಿ ಎತ್ತಿದ ಬ್ಯಾಟನ್ನು ಇಳಿಸದೆ ಹಾಗೇ ನಿಂತಿದ್ದ.

ಸಂಜೆ ಸ್ಟೇಷನ್ನಿಗೆ ಹೋಗುವ ಕಾರಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡ. "ಅಕ್ಕ, ನಲವತ್ತು ಹೊಡೆದ ಅಂತ ಹೇಳಿ ನಿಲ್ಲಿಸಿಬಿಡು. ಬಿಟ್ಟು ಬೋಲ್ಡ್ ಆದದ್ದು ಹೇಳಬೇಡ. ಅಪ್ಪ ನನ್ನ ಬಗ್ಗೆ ಕೇಳೋದು ಅದೊಂದೇ ಆಗೋದು ಬೇಡ."

ನನಗೂ ಹಾಗೇ ಅನ್ನಿಸಿತು. ಆದರೆ ಅಪ್ಪನಿಗೆ ನಾನು ಕಥೆ ಹೇಳಿ ತಪ್ಪಿಸಿಕೊಳ್ಳಲು ಸಾಧ್ಯವೇ? ಕಾಮೆಂಟರಿಯವನು ಒಂದು ಬಾಲು ನುಂಗಿದರೆ ಕಂಡುಹಿಡಿಯುವ ಮನುಷ್ಯ ಅವರು. "ಆಮೇಲೆ ಹೇಗೆ ಔಟಾದ? ಅದು ಯಾಕೆ ಹೇಳಲಿಲ್ಲ?" ಎಂದು ಮೊದಲು ಕೇಳುವುದೇ ಅದನ್ನು. "ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಕಣೋ," ಎಂದೆ. ಅವನು ಕಿಟಕಿಯಾಚೆ ಮುಖ ತಿರುಗಿಸಿದ.

ಮೈಕಿನ ಮುಂದೆ

ಗೋಡೆಗೆಲ್ಲ ಮೆತ್ತನೆಯ ಹಲಗೆ ಬಡಿದ ಸಣ್ಣ ಕೋಣೆ. ನನ್ನ ಉಸಿರು ನನಗೇ ಕೇಳಿಸುವಷ್ಟು ಮೌನ. ಬರೆದುಕೊಂಡು ಹೋಗಿದ್ದ ಕಾಗದ ಬೆವರಿಗೆ ಒದ್ದೆಯಾಗಿತ್ತು. ಹಾಡು ಮುಗಿಯಿತು, ಕೆಂಪು ದೀಪ ಹತ್ತಿತು, ಆ ಹಿರಿಯರು ಕೈ ತೋರಿಸಿದರು. ಕಾಗದದಲ್ಲಿ "ಮಾನ್ಯ ಕೇಳುಗರೇ" ಎಂದಿತ್ತು. ಬಾಯಲ್ಲಿ ಬಂದದ್ದು, "ಜಗಲಿಯಲ್ಲಿ ಎಲ್ಲರೂ ಕೂತಿರಾ? ಸರಸ್ವತಿಪುರಂನವರೇ, ನಾನು ಕಣ್ರೀ, ಸರೋಜಾ."

ಆಮೇಲೆ ಕಾಗದ ನೋಡಲೇ ಇಲ್ಲ. ಅಪ್ಪ ಹೇಳುವ ಹಾಗೆಯೇ ಹೇಳುತ್ತ ಹೋದೆ. "ಆರು ಜನ ಔಟು, ಈಗ ಬರ್ತಾ ಇರೋನು ನಮ್ಮ ಶ್ರೀಕಂಠ. ಬಂದ, ಗಾರ್ಡ್ ತಗೊಂಡ. ಬೌಲರ್ ಓಡಿ ಬಂದ, ಎಸೆದ, ಎಡಗಾಲು ಮುಂದಿಟ್ಟ, ತಳ್ಳಿದ, ಒಂದು ರನ್ನು." ಎಲೆ ಅಡಿಕೆಯನ್ನೂ ಬಿಡಲಿಲ್ಲ. ನಲವತ್ತಕ್ಕೆ ಬಂದಾಗ ನನ್ನ ದನಿ ಎಲ್ಲಿಗೆ ಏರಿತೆಂದರೆ ಗಾಜಿನಾಚೆ ಕೂತವನು ದನಿಯ ತಿರುಪನ್ನು ಗಡಿಬಿಡಿಯಿಂದ ಇಳಿಸಿದ. "ಕೊನೆಯ ಜೋಡಿ, ಸ್ಪಿನ್ನರ್ ಬಂದ, ಬಾಲು ದೂರ ಬಿತ್ತು, ಶ್ರೀಕಂಠ ಬ್ಯಾಟೆತ್ತಿ ಬಿಟ್ಟ, ಒಳಗೆ ತಿರುಗಿತು, ಬೋಲ್ಡ್. ಸೋತೆವು ಅಪ್ಪ. ಆದರೆ ನೀವು ನೋಡಬೇಕಿತ್ತು." ಕೆಂಪು ದೀಪ ಆರಿತು. ಹಿರಿಯರು ಒಂದಕ್ಷರ ತಿಳಿಯದಿದ್ದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಅದು ಹಾರಿತೋ, ಆಕಾಶಕ್ಕೆ ತಗುಲಿತೋ, ಸರಸ್ವತಿಪುರಂನಲ್ಲೇ ಬಿತ್ತೋ, ಯಾರಿಗೆ ಗೊತ್ತು. ಹಡಗಿನಲ್ಲಿ, ಟ್ರೈನಿನಲ್ಲಿ, ದಾರಿಯುದ್ದಕ್ಕೂ ನಾನು ಇವರನ್ನು ಅದನ್ನೇ ಕೇಳಿ ಕೇಳಿ ಪ್ರಾಣ ತಿಂದೆ.

ಮತ್ತೆ ಮೈಸೂರು

ಜಟಕಾ ನಮ್ಮ ಅಪ್ಪನ ಮನೆ ಮುಂದೆ ನಿಂತಾಗ ಮಧ್ಯಾಹ್ನದ ಊಟದ ಹೊತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹಿಂದೆ ಅಮ್ಮ, ಪಕ್ಕದ ಮನೆಯಿಂದ ಚನ್ನೇಗೌಡರೂ ಓಡಿಬಂದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ ನನ್ನನ್ನು ದಾಟಿ, ಇವರನ್ನು ದಾಟಿ, ಪೆಟ್ಟಿಗೆ ಇಳಿಸುತ್ತಿದ್ದ ಕಂಠಿಯ ಮುಂದೆ ಹೋಗಿ ನಿಂತರು.

"ಆ ಬಾಲ್ ಬಿಟ್ಟೆಯಲ್ಲ, ಆಮೇಲೆ ಏನಾಯ್ತೋ?"

ಕಂಠಿ ಪೆಟ್ಟಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದ. ನನಗೂ ಅರ್ಥವಾಗಲಿಲ್ಲ. "ಹೇಳಿದೆನಲ್ಲ ಅಪ್ಪ ರೇಡಿಯೋದಲ್ಲಿ," ಎಂದೆ.

"ಎಲ್ಲಿ ಯೋಳ್ದೆ ಕಣವ್ವ?" ಎಂದರು ಚನ್ನೇಗೌಡರು. "ನಿಮ್ಮಪ್ಪಾರು ಸಿನಿಮಾ ಹಾಡ್ನೂ ಕೈಕಟ್ಕಂಡು ಕೇಳುದ್ರು. ಬೀದಿನೇ ಜಗಲಿ ಮ್ಯಾಲಿತ್ತು. ನೀನು ಗಂಟೆ ಬಾರ್ಸ್ದಂಗೆ ಯೋಳ್ತಾ ಇದ್ದೆ. ಬ್ಯಾಟೆತ್ತಿ ಬಿಟ್ಟ ಅಂದೆ ನೋಡು, ಅಲ್ಲಿಗೇ ಗೊರಗೊರ ಅಂದ್ಬುಡ್ತು. ತಿರ್ಗ ಬಂದಾಗ ಯಾವಳೋ ಹಾಡ್ತಾ ಇದ್ಲು. ಅವತ್ತಿಂದ ನಾನು ಔಟು ಅಂತೀನಿ, ಇವರು ನಾಟೌಟು ಅಂತಾರೆ. ಊಟ ಸೇರ್ನಿಲ್ಲ ಇವರ್ಗೆ."

ಅಪ್ಪನಿಗೆ ಗೌಡರ ಮಾತು ಕೇಳಿಸುತ್ತಲೇ ಇರಲಿಲ್ಲ. ಅವರು ಮಗನ ಮುಖವನ್ನೇ ನೋಡುತ್ತಿದ್ದರು.

"ಒಳಗೆ ತಿರುಗಿತು ಅಪ್ಪ," ಎಂದ ಕಂಠಿ. ಎರಡು ವರ್ಷದ ಮೇಲೆ ಮೊದಲ ಸಲ ನೇರವಾಗಿ ಅವರಿಗೆ ಹೇಳಿದ ಮಾತು. "ಬೋಲ್ಡ್ ಆದೆ."

"ಎಷ್ಟು ತಿರುಗಿತು?"

"ಇಷ್ಟು." ಕೈಯಲ್ಲಿ ತೋರಿಸಿದ.

"ಅಷ್ಟು ತಿರುಗಿತೇ? ಬೌಲರ್ ಕೈ ನೋಡಲಿಲ್ಲವೇನೋ ನೀನು?"

"ನೋಡಿದೆ ಅಪ್ಪ. ಹಿಂದಿನ ಮೂರೂ ಹೊರಗೆ ಹೋಗಿದ್ದವು."

"ಅದಕ್ಕೇ ಹಾಕಿದ್ದಾನೆ ಬಡ್ಡಿಮಗ," ಎಂದರು ಅಪ್ಪ, ಅವರ ಬಾಯಲ್ಲಿ ನಾನು ಹಿಂದೆಂದೂ ಕೇಳದ ಮಾತು. ಪೆಟ್ಟಿಗೆಯ ಇನ್ನೊಂದು ಹಿಡಿ ತಾವು ಹಿಡಿದು, "ಒಳಗೆ ಬಾ, ಮೊದಲಿಂದ ಹೇಳು," ಎಂದು ಮಗನ ಜೊತೆ ಮೆಟ್ಟಿಲು ಹತ್ತಿದರು.

ಹಜಾರದಲ್ಲಿ ಇಬ್ಬರೂ ಎದುರುಬದುರು ಕೂತರು. ಅಭ್ಯಾಸಬಲದಿಂದ ಅಮ್ಮ ಕೈ ಒರೆಸಿಕೊ‌ಳ್ಳುತ್ತ ಇಬ್ಬರ ನಡುವೆ ಬಂದು ನಿಂತಳು. ಅಪ್ಪನ ಮುಖ ನೋಡಿದಳು, ಮಗನ ಮುಖ ನೋಡಿದಳು. ಯಾರೂ ಅವಳ ಕೈಗೆ ಒಂದು ಮಾತೂ ಕೊಡಲಿಲ್ಲ. "ಸ್ವಲ್ಪ ಆಚೆ ನಿಂತ್ಕೋ ಮಾರಾಯ್ತಿ, ಅವನ ಮುಖ ಕಾಣಿಸ್ತಿಲ್ಲ," ಎಂದರು ಅಪ್ಪ. ಅಮ್ಮ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.